ಹದಿಮೂರನೆಯ ದಿನದ ನಂತರ ತಲುಪುವ ಕಾರ್ಡು

ಸಾವಿನ ಮನೆಗೆ ನಾನು ಕಳುಹಿಸುವ ಕಾರ್ಡಿನ ಮೇಲೆ ಹೂವು ಇರುವುದಿಲ್ಲ. ಅಂಗಡಿಯಲ್ಲಿ ಸಿಗುವ ಕಾರ್ಡುಗಳಲ್ಲಿ ಬಿಳಿಯ ಲಿಲ್ಲಿ, ಗುಲಾಬಿ ಧಾರಾಳವಾಗಿ ಇರುತ್ತವೆ. ಬೇರೆ ಕಡೆಗೆ ಅದು ಸರಿಹೋಗಬಹುದು. ನಮ್ಮ ಕಡೆಯ ಮನೆಯವರಾದರೋ ಅದೇ ವಾರ ಸೇವಂತಿಗೆ, ಚೆಂಡುಹೂವು, ಸುಗಂಧರಾಜದ ಹಾರಗಳನ್ನು ರಾಶಿ ರಾಶಿಯಾಗಿ ಕಂಡಿರುತ್ತಾರೆ. ಆ ವಾಸನೆ ಇನ್ನೂ ಜಗಲಿಯಿಂದ ಹೋಗಿರುವುದಿಲ್ಲ. ಅಂಥವರು ಲಕೋಟೆ ಒಡೆದಾಗ ಮತ್ತೆ ಹೂವೇ ಎದುರಾಗುವುದು ನನಗೆ ಬೇಡ. ತುಳಸಿಯನ್ನೂ ಬಿಟ್ಟಿದ್ದೇನೆ, ಏಕೆಂದರೆ ಕೊನೆಯ ಗಳಿಗೆಯಲ್ಲಿ ಬಾಯಿಗೆ ಬಿಟ್ಟ ನೀರಿನಲ್ಲಿ ಅದು ಇತ್ತು ಎಂಬುದು ಅವರಿಗೆ ನೆನಪಿರುತ್ತದೆ. ದರ್ಭೆಯೂ ಹಾಗೆಯೇ. ಇವನ್ನೆಲ್ಲ ಕಳೆದ ಮೇಲೆ ಉಳಿಯುವುದು ಹಿತ್ತಲಿನ ಎಲೆಗಳು: ಒಂದೆಲಗ, ಗರಿಕೆ, ಹೊಂಗೆಯ ಚಿಗುರು, ಬಾವಿಕಟ್ಟೆಯ ಜರೀಗಿಡ. ಇವುಗಳನ್ನು ರಬ್ಬರಿನಲ್ಲಿ ಕೊರೆದು, ಜಲವರ್ಣದಲ್ಲಿ ಒತ್ತಿ ಕಾರ್ಡು ಮಾಡುತ್ತೇನೆ. ಹೇಗೆ ಮಾಡುತ್ತೇನೆ, ಒಳಗೆ ಏನು ಬರೆಯುತ್ತೇನೆ ಎಂದು ಕೆಲವರು ಕೇಳಿದ್ದಾರೆ. ಅದನ್ನು ಇಲ್ಲಿ ವಿವರವಾಗಿ ಬರೆಯುತ್ತೇನೆ.

ನಾನು ಸಾಗರ ತಾಲ್ಲೂಕಿನ ಪ್ರೌಢಶಾಲೆಗಳಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ನನ್ನಲ್ಲಿ ಓದಿದ ಮಕ್ಕಳಿಗೆ ಈಗ ನಲವತ್ತು, ಐವತ್ತು ವಯಸ್ಸು. ಅವರ ಅಪ್ಪ ಅಮ್ಮಂದಿರು ಒಬ್ಬೊಬ್ಬರಾಗಿ ಹೋಗುತ್ತಿರುವ ಕಾಲ ಇದು. ಸುದ್ದಿ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆಪ್ ಗುಂಪಿನಲ್ಲಿ ಬರುತ್ತದೆ. ಬೆನ್ನಿಗೇ ಮುಗಿದ ಕೈಗಳ ಸಾಲು, ‘ಓಂ ಶಾಂತಿ’ಗಳ ಸಾಲು. ಹಾಗೆ ಬರೆಯುವವರನ್ನು ನಾನು ಆಕ್ಷೇಪಿಸುವುದಿಲ್ಲ. ಸುದ್ದಿ ಕೇಳಿದೊಡನೆ ಏನಾದರೂ ಹೇಳಬೇಕು ಎನ್ನಿಸುವುದು ಒಳ್ಳೆಯ ಮನಸ್ಸೇ. ಆದರೆ ಮಾರನೆಯ ದಿನ ಅದೇ ಗುಂಪಿನಲ್ಲಿ ಯಾರದೋ ಹುಟ್ಟುಹಬ್ಬ ಬಂದು, ತೀರಿಕೊಂಡವರ ಹೆಸರು ಮೇಲಕ್ಕೆ ಸರಿದು ಕಾಣದಾಗುತ್ತದೆ. ಮೊದಲಾದರೆ ನಾನು ಬಸ್ಸು ಹಿಡಿದು ಹೋಗಿ ಮಾತನಾಡಿಸಿಕೊಂಡು ಬರುತ್ತಿದ್ದೆ. ಈಗ ಮಂಡಿನೋವು ಬಿಡುವುದಿಲ್ಲ. ಹೋದರೂ ಆ ಮಕ್ಕಳು ಊರಿನಲ್ಲಿ ಸಿಗುವುದಿಲ್ಲ. ಕಾರ್ಯ ಮುಗಿದೊಡನೆ ಬೆಂಗಳೂರಿಗೋ ಪುಣೆಗೋ ಹೊರಟಿರುತ್ತಾರೆ.

ಕಾರ್ಡು ಯಾವಾಗ ತಲುಪಬೇಕು ಎಂಬುದು ಅದರ ಮೇಲೆ ಏನು ಬರೆದಿದೆ ಎಂಬುದರಷ್ಟೇ ಮುಖ್ಯ. ಇದು ನನಗೆ ತಿಳಿದದ್ದು ನಮ್ಮವರು ತೀರಿಕೊಂಡಾಗ. ವೈಕುಂಠ ಸಮಾರಾಧನೆಯವರೆಗೆ ಮನೆ ತುಂಬ ಜನ. ಅಂಗಳದಲ್ಲಿ ಶಾಮಿಯಾನ, ಹಿತ್ತಲಲ್ಲಿ ಅಡುಗೆಯವರು, ರಾತ್ರಿ ಜಗಲಿಯ ಉದ್ದಕ್ಕೂ ಚಾಪೆಗಳು. ಯಾರೋ ಊಟಕ್ಕೆ ಎಬ್ಬಿಸುತ್ತಾರೆ, ಯಾರೋ ಸೀರೆ ಒಣಹಾಕುತ್ತಾರೆ, ಅಳುವುದಕ್ಕೂ ಪಕ್ಕದಲ್ಲಿ ಒಬ್ಬರು ಇರುತ್ತಾರೆ. ಹದಿಮೂರು ಕಳೆದ ಮಾರನೆಯ ದಿನ ಬಾಡಿಗೆಯ ಪಾತ್ರೆಗಳನ್ನು ಎಣಿಸಿ ವಾಪಸು ಕಳುಹಿಸಿದರು. ಮಧ್ಯಾಹ್ನದ ಹೊತ್ತಿಗೆ ಕೊನೆಯ ಕಾರೂ ಹೊರಟಿತು. ಸಂಜೆ ಕಾಫಿ ಮಾಡಲು ನಿಂತರೆ, ಒಬ್ಬಳಿಗೆ ಎಷ್ಟು ಹಾಲು ಇಡಬೇಕು ಎಂಬುದು ನನಗೆ ತಿಳಿಯಲಿಲ್ಲ. ಸಾವು ಮನೆಯೊಳಗೆ ಬಂದು ಕುಳಿತದ್ದು ಅವತ್ತು. ಆ ದಿನಗಳಲ್ಲಿ ಫೋನು ಕೂಡ ಬರುವುದಿಲ್ಲ. ಎಲ್ಲರೂ ಬಂದು ಹೋಗಿ ಆಗಿರುತ್ತದೆ, ಮತ್ತೆ ಏನು ಕೇಳುವುದು ಎಂದು ಸುಮ್ಮನಿರುತ್ತಾರೆ. ಅದಕ್ಕೇ ನನ್ನ ಕಾರ್ಡು ಹದಿಮೂರನೆಯ ದಿನಕ್ಕೂ ಮೊದಲ ಮಾಸಿಕಕ್ಕೂ ನಡುವೆ ತಲುಪಬೇಕು ಎಂದು ಲೆಕ್ಕ ಹಾಕಿ ಅಂಚೆಗೆ ಹಾಕುತ್ತೇನೆ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಸಾವಿಗೆ ಸಂಬಂಧಿಸಿದ ಕಾಗದವನ್ನು ಮನೆಯೊಳಗೆ ಇಟ್ಟುಕೊಳ್ಳಬಾರದು ಎಂಬುದು ನಮ್ಮ ಹಿರಿಯರ ನಡವಳಿಕೆ. ಮದುವೆಯ ಕರೆಯೋಲೆಯ ನಾಲ್ಕು ಮೂಲೆಗೆ ಅರಿಸಿನ ಹಚ್ಚುತ್ತಿದ್ದ ಅದೇ ಕೈಗಳು ಸಾವಿನ ಸುದ್ದಿ ತಂದ ಕಾಗದವನ್ನು ಓದಿ, ಹೊರಗೆ ನಿಂತೇ ಹರಿದು ಹಾಕುತ್ತಿದ್ದವು. ನನ್ನ ಅಜ್ಜಿ ಹಾಗೆ ಮಾಡಿದ್ದನ್ನು ನೋಡಿದ್ದೇನೆ. ಈ ಭಾವನೆ ಇನ್ನೂ ಬಹಳ ಮನೆಗಳಲ್ಲಿ ಇದೆ, ಅದನ್ನು ನಾನು ಮೂಢನಂಬಿಕೆ ಎಂದು ತಳ್ಳಿಹಾಕುವವಳಲ್ಲ. ಸೂತಕ ಕಳೆದು, ಮನೆ ತೊಳೆದು, ಶುಭಸ್ವೀಕಾರ ಆದ ಮೇಲೆ ಬರುವ ಕಾರ್ಡಿಗೆ ಆ ಭಾರ ಇರುವುದಿಲ್ಲ. ಅದು ಸುದ್ದಿಯನ್ನು ತರುತ್ತಿಲ್ಲ. ಹೋದವರ ಬಗ್ಗೆ ಒಂದು ಮಾತು ತರುತ್ತಿದೆ, ಅಷ್ಟೇ. ಕಾರ್ಡಿನ ಮೇಲೆ ಕಪ್ಪು ಅಂಚನ್ನು ಹಾಕದಿರುವುದೂ ಇದೇ ಕಾರಣಕ್ಕೆ. ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಶೋಕದ ಕಾಗದಕ್ಕೂ ಲಕೋಟೆಗೂ ಕಪ್ಪು ಅಂಚು ಇರುತ್ತಿತ್ತು. 1861ರಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ ಬಹುಕಾಲ ಅಂಥ ಕಾಗದದಲ್ಲೇ ಬರೆದಳು. ಒಡೆಯುವ ಮೊದಲೇ ಎದೆ ಗಟ್ಟಿ ಮಾಡಿಕೊಳ್ಳಲಿ ಎಂದು ಆ ಅಂಚು. ನನ್ನ ಲಕೋಟೆ ಒಡೆಯುವವರಿಗೆ ಅದರ ಅಗತ್ಯವಿಲ್ಲ, ಅವರ ಎದೆ ಆಗಲೇ ಒಡೆದಿರುತ್ತದೆ.

ಈಗ ಕೆಲಸಕ್ಕೆ ಬರೋಣ. ಹಾಳೆ 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ, ತೂಕದ ಜಲವರ್ಣದ ಹಾಳೆಯೇ ಆಗಬೇಕು. ಮಾಮೂಲಿ ಡ್ರಾಯಿಂಗ್ ಶೀಟು ನೀರು ಬಿದ್ದೊಡನೆ ಉಬ್ಬಿ ಅಲೆ ಅಲೆಯಾಗುತ್ತದೆ, ಉಜ್ಜಿದರೆ ನಾರೇಳುತ್ತದೆ. ಎ4 ಅಳತೆಯ ಪ್ಯಾಡು ತಂದು ಪ್ರತಿ ಹಾಳೆಯನ್ನು ಎರಡಾಗಿ ಕತ್ತರಿಸಿ, ಅರ್ಧವನ್ನು ಮಡಿಸಿದರೆ ಒಂದು ಕಾರ್ಡು. ಮಡಿಸುವ ಮೊದಲು ಹಾಳೆಯನ್ನು ಎರಡು ದಿಕ್ಕಿನಲ್ಲೂ ಮೆಲ್ಲಗೆ ಬಾಗಿಸಿ ನೋಡಬೇಕು. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಯಾವ ದಿಕ್ಕಿನಲ್ಲಿ ಸುಲಭವಾಗಿ ಬಾಗುತ್ತದೆಯೋ ಆ ದಿಕ್ಕಿನ ಮಡಿಕೆ ನೀಟಾಗಿ ಬರುತ್ತದೆ, ಅಡ್ಡಕ್ಕೆ ಮಡಿಸಿದರೆ ಬೆನ್ನು ಸೀಳುತ್ತದೆ. ಮಡಿಕೆಯ ಗೆರೆಯನ್ನು ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲು ಹಿಡಿದು ಗೀರಿಕೊಳ್ಳುತ್ತೇನೆ. ತೀರ ತರಿತರಿಯಾದ ಹಾಳೆ ಬೇಡ, ಅದರ ಮೇಲೆ ಅಚ್ಚು ತುಂಡು ತುಂಡಾಗಿ ಮೂಡುತ್ತದೆ. ತೀರ ನುಣುಪೂ ಬೇಡ, ಬಣ್ಣ ಅದರ ಮೇಲೆ ಜಾರಿ ಒಂದೆಡೆ ಗಟ್ಟಿಯಾಗಿ ನಿಲ್ಲುತ್ತದೆ. ಸ್ವಲ್ಪ ತರಿ ಇರುವ ಕೋಲ್ಡ್ ಪ್ರೆಸ್ ಹಾಳೆ ಎರಡಕ್ಕೂ ಒದಗುತ್ತದೆ.

ಅಚ್ಚಿಗೆ ಮಕ್ಕಳು ಬಳಸುವ ಬಿಳಿಯ ರಬ್ಬರು ಸಾಕು. ಗರಿಕೆಗೆ ಸಣ್ಣದು, ಒಂದೆಲಗಕ್ಕೆ ದೊಡ್ಡದು. ಎಲೆಯನ್ನು ಕಿತ್ತು ತಂದು ಮೇಜಿನ ಮೇಲೆ ಇಟ್ಟುಕೊಂಡು ಬಟರ್ ಪೇಪರಿನ ಮೇಲೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ ಬರೆಯುತ್ತೇನೆ. ಬರೆದ ಮುಖವನ್ನು ರಬ್ಬರಿನ ಮೇಲೆ ಕವಿಚಿ ಬೆರಳಿನಿಂದ ತೀಡಿದರೆ ಸೀಸ ಪೂರ್ತಿ ರಬ್ಬರಿಗೆ ಇಳಿಯುತ್ತದೆ. ಹೀಗೆ ಇಳಿದ ಚಿತ್ರ ಎಡಬಲ ತಿರುಗಿರುತ್ತದೆ, ಒತ್ತಿದಾಗ ಮತ್ತೆ ತಿರುಗಿ ನೇರವಾಗುತ್ತದೆ. ತಲೆಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. ಕೊರೆಯಲು ಲಿನೋ ಎಂಬ ಅಚ್ಚಿನ ಹಾಳೆಯನ್ನು ಕೆತ್ತುವ ಸಣ್ಣ ಉಳಿಗಳ ಸೆಟ್ಟು ಚಿತ್ರಕಲಾ ಸಾಮಗ್ರಿಯ ಅಂಗಡಿಯಲ್ಲಿ ಸಿಗುತ್ತದೆ. ಅಂಚುಗಳಿಗೆ ಪೇಪರ್ ಕಟರ್. ಒಂದೇ ಒಂದು ಸಂಗತಿಯನ್ನು ಕೈ ನೆನಪಿಟ್ಟುಕೊಳ್ಳಬೇಕು: ಅಲಗನ್ನು ಚಿತ್ರದಿಂದ ಹೊರಕ್ಕೆ ವಾಲಿಸಿ ಹಿಡಿಯಬೇಕು, ಉಳಿದ ಗೆರೆಯ ಬುಡ ತುದಿಗಿಂತ ಅಗಲವಾಗಿರಬೇಕು. ಒಳಕ್ಕೆ ವಾಲಿಸಿ ಬುಡ ಕೊರೆದರೆ ನಾಲ್ಕು ಸಲ ಒತ್ತುವುದರೊಳಗೆ ಗೆರೆ ಮುರಿದು ಬೀಳುತ್ತದೆ. ನಮ್ಮ ಸಾಗರದ ಗುಡಿಗಾರರು ಗಂಧದ ಮರದಲ್ಲಿ ಬಳ್ಳಿ ಕೆತ್ತುವಾಗ ಉಳಿಯನ್ನು ಎಷ್ಟು ಸಾವಧಾನದಿಂದ ನಡೆಸುತ್ತಾರೆ ಎಂಬುದನ್ನು ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ. ರಬ್ಬರಿಗೆ ಅಷ್ಟು ವಿದ್ಯೆ ಬೇಡ. ಆದರೆ ಉಳಿ ಹಿಡಿದ ಕೈ ನಿಲ್ಲಬೇಕು, ಉಳಿಯ ಬದಲು ರಬ್ಬರನ್ನು ತಿರುಗಿಸಬೇಕು ಎಂಬುದನ್ನು ಅವರಿಂದಲೇ ನೋಡಿ ಕಲಿತೆ.

ಎಲೆ ಕೊರೆಯುವಾಗ ಮೇಷ್ಟರಗಿರಿ ನನ್ನನ್ನು ಬಿಡುವುದಿಲ್ಲ. ಒಂದೆಲಗದ ಎಲೆ ಮೂತ್ರಪಿಂಡದ ಆಕಾರದ್ದು, ಅಂಚಿನಲ್ಲಿ ದುಂಡನೆಯ ಹಲ್ಲುಗಳು, ನಾಳಗಳೆಲ್ಲ ತೊಟ್ಟು ಸೇರುವ ಒಂದೇ ಬಿಂದುವಿನಿಂದ ಹರಡುತ್ತವೆ. ಗರಿಕೆಯಲ್ಲಿ ನಾಳಗಳು ಸಮಾನಾಂತರ. ಹೊಂಗೆಯಲ್ಲಿ ಒಂದು ಕಡ್ಡಿಗೆ ಐದೋ ಏಳೋ ಎಲೆ, ತುದಿಯಲ್ಲಿ ಒಂಟಿ ಎಲೆ. ಇಷ್ಟನ್ನು ಸರಿಯಾಗಿ ಕೊರೆದರೆ ಸಾಕು, ನೋಡಿದವರಿಗೆ ಗಿಡ ಗುರುತು ಸಿಗುತ್ತದೆ. ಯಾವುದೋ ಎಲೆ ಎಂಬಂಥ ಎಲೆಯನ್ನು ಕೊರೆಯಬೇಡಿ. ಕಾರ್ಡು ತೆರೆದವರು ‘ಇದು ನಮ್ಮ ಬಾವಿಕಟ್ಟೆಯ ಜರೀಗಿಡ’ ಎಂದು ಹೇಳುವಂತಿರಬೇಕು. ಆ ಜರೀಗಿಡದ ಒಂದು ಜಾತಿಯಲ್ಲಿ ಎಲೆಯ ಹಿಂಬದಿಗೆ ಬೆಳ್ಳನೆಯ ಮೇಣದ ಪುಡಿ ಇರುತ್ತದೆ. ಮಲೆನಾಡಿನಲ್ಲಿ ಬೆಳೆದ ಮಕ್ಕಳು ಅದನ್ನು ತೋಳಿನ ಮೇಲೆ ಇಟ್ಟು ಒತ್ತಿ ಬಿಳಿಯ ಅಚ್ಚು ಮೂಡಿಸಿಕೊಂಡೇ ಇರುತ್ತಾರೆ. ಮೂಲತಃ ಅಮೆರಿಕದ ಉಷ್ಣವಲಯದ ಗಿಡ ಅದು, ಈಗ ಪಶ್ಚಿಮ ಘಟ್ಟದ ದರೆಗಳಲ್ಲೆಲ್ಲ ಇದೆ. ಕಾಗದದ ಮೇಲೆ ಆ ಪುಡಿ ನಿಲ್ಲುವುದಿಲ್ಲ, ಒರೆಸಿದರೆ ಹೋಗುತ್ತದೆ. ಅದರ ಆಕಾರವನ್ನು ಮಾತ್ರ ರಬ್ಬರಿಗೆ ಇಳಿಸಿಕೊಂಡಿದ್ದೇನೆ. ಒಟ್ಟಿಗೆ ಓದಿದ ಗೆಳೆಯರನ್ನು ಕಳೆದುಕೊಂಡವರಿಗೆ ಆ ಕಾರ್ಡನ್ನೇ ಆರಿಸುತ್ತೇನೆ.

ಕೊರೆದ ರಬ್ಬರನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಬೇಡಿ. ಈ ಬಿಳಿಯ ರಬ್ಬರುಗಳಲ್ಲಿ ಹೆಚ್ಚಿನವು ಪಿವಿಸಿ ಎಂಬ ಪ್ಲಾಸ್ಟಿಕ್ಕಿನವು, ಮೆತ್ತಗಾಗಲು ಅವಕ್ಕೆ ಬೆರೆಸಿದ ಎಣ್ಣೆಯಂಥ ದ್ರವ ನಿಧಾನವಾಗಿ ಹೊರಬಂದು ಡಬ್ಬಿಯ ಪ್ಲಾಸ್ಟಿಕ್ಕನ್ನು ಕರಗಿಸಿ ಅಂಟಿಕೊಳ್ಳುತ್ತದೆ. ಒಂದೊಂದನ್ನೂ ಕಾಗದದಲ್ಲಿ ಸುತ್ತಿ ತಗಡಿನ ಡಬ್ಬಿಯಲ್ಲಿ ಇಟ್ಟರೆ ವರ್ಷಗಟ್ಟಲೆ ಇರುತ್ತವೆ.

ಸ್ಟ್ಯಾಂಪ್ ಪ್ಯಾಡಿನ ವಿಚಾರ. ಕಚೇರಿಯ ನೇರಳೆ ಶಾಯಿಯ ಪ್ಯಾಡನ್ನು ನಾನು ಬಳಸುವುದಿಲ್ಲ. ನೀರು ತಗುಲಿದರೆ ಅದು ಹಾಳೆಯ ತುಂಬ ಹರಡುತ್ತದೆ, ಅದಕ್ಕಿಂತ ಹೆಚ್ಚಾಗಿ ಆ ಬಣ್ಣ ಕಂಡರೆ ಮರಣ ಪ್ರಮಾಣಪತ್ರ, ಪಹಣಿ, ಬ್ಯಾಂಕಿನ ನಾಮಿನಿ ಅರ್ಜಿ ನೆನಪಾಗುತ್ತವೆ. ಆ ದಿನಗಳಲ್ಲಿ ಅವರು ಅಂಥ ಮೊಹರುಗಳನ್ನು ಬೇಕಾದಷ್ಟು ನೋಡಿರುತ್ತಾರೆ. ನೀರಿಗೆ ಜಗ್ಗದ ಪಿಗ್ಮೆಂಟ್ ಶಾಯಿಯ ಪ್ಯಾಡುಗಳು ಆನ್‌ಲೈನಿನಲ್ಲಿ ಸಿಗುತ್ತವೆ, ಗೆರೆ ಖಚಿತವಾಗಿ ಬೇಕಾದವರು ಅವನ್ನು ತೆಗೆದುಕೊಳ್ಳಬಹುದು. ನಾನು ಜಲವರ್ಣವನ್ನೇ ನೇರವಾಗಿ ಕುಂಚದಿಂದ ಅಚ್ಚಿಗೆ ಹಚ್ಚುತ್ತೇನೆ. ರಬ್ಬರಿನ ಮೇಲೆ ನೀರು ಹನಿ ಹನಿಯಾಗಿ ನಿಲ್ಲುವುದರಿಂದ, ಹೊಸ ಅಚ್ಚಿನ ಮುಖವನ್ನು ನುಣ್ಣನೆಯ ಮರಳುಕಾಗದಕ್ಕೆ ಒಮ್ಮೆ ಉಜ್ಜಿಕೊಳ್ಳುತ್ತೇನೆ, ಕುಂಚವನ್ನು ಸೋಪಿನ ಬಿಲ್ಲೆಗೆ ಒಮ್ಮೆ ಮುಟ್ಟಿಸುತ್ತೇನೆ. ಆಗ ಬಣ್ಣ ಸಮನಾಗಿ ಕೂರುತ್ತದೆ. ಬಣ್ಣ ಕೆನೆಯಷ್ಟು ಮಂದವಾಗಿರಲಿ. ಒತ್ತುವ ಮುನ್ನ ಅಚ್ಚಿನ ಮೇಲೆ ಬಾಯಿಂದ ‘ಹಾ’ ಎಂದು ಬಿಸಿಯುಸಿರು ಬಿಡಬೇಕು, ಒಣಗುತ್ತಿದ್ದ ಬಣ್ಣ ಮತ್ತೆ ಪಸೆಯಾಗುತ್ತದೆ. ಹಾಳೆಯ ಕೆಳಗೆ ನಾಲ್ಕು ಪದರ ಹಳೆಯ ದಿನಪತ್ರಿಕೆ ಇಟ್ಟು, ನೇರ ಒತ್ತಿ, ಅಲ್ಲಾಡಿಸದೆ ಎತ್ತಬೇಕು.

ಮೊದಲ ಒತ್ತು ಗಾಢವಾಗಿ ಬರುತ್ತದೆ. ಮತ್ತೆ ಬಣ್ಣ ಹಚ್ಚದೆ, ಉಸಿರು ಮಾತ್ರ ಬಿಟ್ಟು ಪಕ್ಕದಲ್ಲೇ ಇನ್ನೊಮ್ಮೆ ಒತ್ತಿದರೆ ಅದೇ ಎಲೆ ತಿಳಿಯಾಗಿ, ಹಿಂದೆ ನಿಂತಂತೆ ಕಾಣುತ್ತದೆ. ಮೂರನೆಯದು ಇದೆಯೋ ಇಲ್ಲವೋ ಎನ್ನುವಷ್ಟು. ಈ ಮೂರೂ ಸೇರಿ ಹಾಳೆಗೆ ಆಳ ಬರುತ್ತದೆ. ಮೊದಲ ಎಲೆಯ ಒಂದು ಅಂಚಿಗೆ ಮಾತ್ರ ಒದ್ದೆ ಕುಂಚವನ್ನು ತಾಗಿಸಿ ಬಣ್ಣವನ್ನು ಸ್ವಲ್ಪ ಹೊರಕ್ಕೆ ಎಳೆಯುತ್ತೇನೆ, ಅಚ್ಚಿನ ಗಡುಸು ಅಲ್ಲಿ ಕರಗುತ್ತದೆ. ಆಮೇಲೆ ಕೈ ಹಿಂದಕ್ಕೆ. ಇನ್ನೊಂದು ಎಲೆ ಸೇರಿಸೋಣ, ಒಂದು ಹಕ್ಕಿ ಕೂರಿಸೋಣ ಎನ್ನಿಸುತ್ತದೆ. ಬೇಡ. ಹಾಳೆಯ ಅರ್ಧಕ್ಕಿಂತ ಹೆಚ್ಚು ಭಾಗ ಬಿಳಿಯಾಗಿಯೇ ಉಳಿಯಲಿ. ದುಃಖದಲ್ಲಿರುವವರ ಕಣ್ಣು ತುಂಬಿದ ಚಿತ್ರವನ್ನು ತಡೆಯುವುದಿಲ್ಲ.

ಎಲೆಯ ಹಿಂದೆ ಆಕಾಶದಂಥ ಒಂದು ತಿಳಿಬಣ್ಣ ಬೇಕಿದ್ದರೆ ಅದನ್ನು ಅಚ್ಚು ಒತ್ತುವ ಮೊದಲೇ ಹಾಳೆಗೆ ಹಾಕಿ ಪೂರ್ತಿ ಒಣಗಿಸಿಕೊಳ್ಳಬೇಕು. ನಾನು ಬಳಸುವ ಬೂದುಬಣ್ಣ ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಎಂಬ ಕಂದು ಸೇರಿದ್ದು. ಟ್ಯೂಬಿನ ಕಪ್ಪಿಗೆ ನೀರು ಬೆರೆಸಿ ಮಾಡಿದ ಬೂದುವಿಗೂ ಇದಕ್ಕೂ ಬಹಳ ವ್ಯತ್ಯಾಸ ಇದೆ. ಈ ನೀಲಿಯ ಕಣಗಳು ಕಾಗದದ ತಗ್ಗುಗಳಲ್ಲಿ ಹೋಗಿ ನೆಲೆಸುತ್ತವೆ. ಒಣಗಿದ ಮೇಲೆ ಬೂದುವಿನೊಳಗೆ ನೀಲಿಯೂ ಕಂದೂ ಬೇರೆ ಬೇರೆಯಾಗಿ ಕಾಣಿಸುತ್ತವೆ. ಆ ಕಂದು ಬೇರೇನೂ ಅಲ್ಲ, ಕಬ್ಬಿಣದ ಆಕ್ಸೈಡು ಇರುವ ಮಣ್ಣನ್ನು ಸುಟ್ಟದ್ದು, ನಮ್ಮ ಮನೆಗಳ ಗೋಡೆಗೆ ಬಳಿಯುವ ಕೆಮ್ಮಣ್ಣಿನ ಬಳಗದ್ದೇ. ಹಸಿರನ್ನೂ ನೇರವಾಗಿ ಟ್ಯೂಬಿನಿಂದ ತೆಗೆಯುವುದಿಲ್ಲ, ಸ್ವಲ್ಪ ಕಂದು ಬೆರೆಸಿ ಅದರ ಹೊಳಪನ್ನು ತಗ್ಗಿಸುತ್ತೇನೆ. ಕೆಂಪು ಬೇಡ. ಕುಂಕುಮದ ಕೆಂಪಂತೂ ಬೇಡವೇ ಬೇಡ, ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಹೋಗುವ ಕಾರ್ಡು ಅದಾಗಿರಬಹುದು. ಆ ಆಚಾರ ನನಗೆ ಒಪ್ಪಿಗೆ ಇಲ್ಲ, ನನ್ನ ಹಣೆಯಲ್ಲಿ ಬೊಟ್ಟು ಇದೆ. ಆದರೂ ಅವಳ ಮೇಲೆ ಆ ಮಾತನ್ನು ಕಾರ್ಡಿನ ಮೂಲಕ ಎತ್ತುವ ಹಕ್ಕು ನನಗಿಲ್ಲ.

ಹಸೆ ಚಿತ್ತಾರದ ವಿನ್ಯಾಸ ಹಾಕಬಾರದೇ ಎಂದು ಒಬ್ಬರು ಕೇಳಿದರು. ನಮ್ಮ ಕಡೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚದಿಂದ ಬರೆಯುವ ಆ ಗೆರೆಗಳಷ್ಟು ಶುದ್ಧವಾದ ಗೆರೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಅದು ಮದುವೆಯ ಮನೆಯ ಗೋಡೆಗೆ ಸೇರಿದ್ದು. ಚೆಂದ ಇದೆ ಎಂಬ ಒಂದೇ ಕಾರಣಕ್ಕೆ ಅದನ್ನು ಸಾವಿನ ಕಾರ್ಡಿಗೆ ತರುವುದು ಆ ಚಿತ್ರಕ್ಕೂ ಬರೆದ ಕೈಗಳಿಗೂ ಮಾಡುವ ಅಗೌರವ.

ಕಾರ್ಡುಗಳನ್ನು ನಾನು ಮಾಘ, ಫಾಲ್ಗುಣದಲ್ಲಿ ಒಟ್ಟಿಗೆ ಮಾಡಿಟ್ಟುಕೊಳ್ಳುತ್ತೇನೆ. ಮಳೆಗಾಲದಲ್ಲಿ ನಮ್ಮಲ್ಲಿ ಜಲವರ್ಣ ಒಣಗುವುದೇ ಇಲ್ಲ. ಮಧ್ಯಾಹ್ನ ಬಳಿದ ಬೂದು ರಾತ್ರಿಯಾದರೂ ಪಸೆಪಸೆಯಾಗಿಯೇ ಇರುತ್ತದೆ, ಅರ್ಧ ಒಣಗಿದ ಜಾಗಕ್ಕೆ ನೀರು ಹರಿದು ಬಂದು ಅಂಚು ಅಂಚಾದ ಕಲೆ ಕಟ್ಟುತ್ತದೆ. ಕೆಲವರು ಒದ್ದೆ ಬಣ್ಣದ ಮೇಲೆ ಉಪ್ಪಿನ ಹರಳು ಉದುರಿಸಿ ನಕ್ಷತ್ರದಂಥ ಚಿತ್ತಾರ ಬರಿಸುತ್ತಾರೆ. ಮಲೆನಾಡಿನವರು ಆ ಆಸೆಗೆ ಹೋಗದಿರುವುದು ಒಳ್ಳೆಯದು, ಹಾಳೆಯಲ್ಲಿ ಉಳಿದ ಉಪ್ಪು ಜೂನ್ ಬಂದೊಡನೆ ಗಾಳಿಯ ತೇವ ಹೀರಿ ಮತ್ತೆ ಬೆವರುತ್ತದೆ. ಹೀಗೆ ಮುಂಚಿತವಾಗಿ ಮಾಡಿಡುವುದು ನನ್ನ ಅಕ್ಕನಿಗೆ ಸರಿ ಕಾಣಲಿಲ್ಲ. ‘ಯಾರು ಹೋಗುತ್ತಾರೋ ಎಂದು ಕಾದು ಕುಳಿತ ಹಾಗಾಗುತ್ತದಲ್ಲವೇ?’ ಎಂದಳು. ಅವಳ ಮಾತಿನಲ್ಲಿ ಸತ್ಯ ಇದೆ ಎನ್ನಿಸಿ, ಅಂದಿನಿಂದ ಆ ಕಟ್ಟನ್ನು ಸಾವಿಗೆಂದು ಬೇರೆ ಇಡುವುದನ್ನು ಬಿಟ್ಟೆ. ಹೊರಗೆ ಎಲೆ ಮಾತ್ರ, ಅಕ್ಷರ ಇಲ್ಲ. ಅದೇ ಕಟ್ಟಿನಿಂದ ಆಪರೇಷನ್ ಆದವರಿಗೂ ಕೆಲಸ ಸಿಕ್ಕಿದ ಹುಡುಗಿಗೂ ಕಾರ್ಡು ಹೋಗುತ್ತದೆ. ಯಾವುದು ಯಾರ ಪಾಲಿಗೆ ಎಂಬುದು ಪೆನ್ನು ಹಿಡಿದಾಗ ತೀರ್ಮಾನವಾಗುತ್ತದೆ.

ಒಳಗೆ ಬರೆಯುವ ಮಾತಿಗೆ ನಾನು ಚಿತ್ರಕ್ಕಿಂತ ಹೆಚ್ಚು ಹೊತ್ತು ಕೂರುತ್ತೇನೆ. ಬರೆಯದೆ ಬಿಡುವ ಮಾತುಗಳು ಮೊದಲು ಸ್ಪಷ್ಟವಾಗಿರಬೇಕು. ‘ವಿಧಿಯಾಟ’ ಎಂದು ಬರೆಯುವುದಿಲ್ಲ. ‘ಎಲ್ಲರೂ ಒಂದು ದಿನ ಹೋಗಲೇಬೇಕು’ ಎಂದು ಬರೆಯುವುದಿಲ್ಲ, ಅದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ‘ವಯಸ್ಸಾಗಿತ್ತು, ನರಳದೆ ಹೋದರು’ ಎಂಬುದನ್ನು ಮಕ್ಕಳು ತಾವಾಗಿ ಹೇಳಿಕೊಂಡರೆ ಸಮಾಧಾನ, ಬೇರೆಯವರು ಹೇಳಿದರೆ ಲೆಕ್ಕ ಚುಕ್ತಾ ಮಾಡಿದಂತೆ. ‘ಧೈರ್ಯ ತಂದುಕೊಳ್ಳಿ’ ಎಂಬುದೂ ಬೇಡ. ಅತ್ತು ಸುಸ್ತಾದವರಿಗೆ ಇನ್ನೊಂದು ಕೆಲಸ ಹೇಳಿದಂತಾಗುತ್ತದೆ. ಶ್ಲೋಕ, ವಚನಗಳನ್ನು ಕೂಡ ನಾನು ಬರೆಯುವುದಿಲ್ಲ. ಆ ಮನೆಯ ಆಚಾರ್ಯರೋ ಸ್ವಾಮಿಗಳೋ ಅವನ್ನು ನನಗಿಂತ ಚೆನ್ನಾಗಿ ಹೇಳಿರುತ್ತಾರೆ.

ನಾನು ಬರೆಯುವುದು ಹೋದವರ ಬಗ್ಗೆ ನಾನೇ ಕಂಡ ಒಂದು ಸಂಗತಿ. ಮಗನಿಗೆ, ಮಗಳಿಗೆ, ಗಂಡನಿಗೆ ಗೊತ್ತಿರದೆ ಇರಬಹುದಾದ ಒಂದು ಸಂಗತಿ. ಒಬ್ಬ ಹುಡುಗನ ತಂದೆ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದವರು. ಮಗ ಎಸ್ಸೆಸ್ಸೆಲ್ಸಿಯಲ್ಲಿ ಇದ್ದಾಗ ಪ್ರತಿ ತಿಂಗಳ ಪರೀಕ್ಷೆ ಮುಗಿದ ಮೇಲೂ ಶಾಲೆಯ ಗೇಟಿನ ಹೊರಗೆ ನಿಂತಿರುತ್ತಿದ್ದರು. ಕೈಗೆ ಅಡಿಕೆಯ ಕಲೆ ಹತ್ತಿದೆ ಎಂದು ಒಳಗೆ ಬರಲು ಸಂಕೋಚ. ಅಂಕ ಕೇಳಿಕೊಂಡು, ‘ಅವನಿಗೆ ನಾನು ಬಂದಿದ್ದೆ ಎಂದು ಹೇಳಬೇಡಿ ಟೀಚರೇ’ ಎಂದು ಹೋಗುತ್ತಿದ್ದರು. ಆ ಹುಡುಗ ಈಗ ದೊಡ್ಡ ಕಂಪನಿಯಲ್ಲಿ ಇದ್ದಾನೆ. ತಂದೆ ತೀರಿಕೊಂಡಾಗ ನಾನು ಅವನಿಗೆ ಇಷ್ಟನ್ನೇ ಬರೆದೆ, ಬೇರೆ ಒಂದು ಮಾತೂ ಸೇರಿಸಲಿಲ್ಲ. ಅವನು ಫೋನು ಮಾಡಿದ. ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ‘ಗೇಟಿನ ಯಾವ ಪಕ್ಕ ನಿಲ್ಲುತ್ತಿದ್ದರು ಮೇಡಂ?’ ಎಂದು ಕೇಳಿದ. ಬಲಗಡೆ, ಹೊಂಗೆಮರದ ಬುಡದಲ್ಲಿ ಎಂದೆ.

ನೆನಪು ದೊಡ್ಡದೇ ಆಗಿರಬೇಕೆಂದಿಲ್ಲ. ‘ನಿಮ್ಮ ಅಮ್ಮ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಇನ್ನೂ ನನ್ನಲ್ಲಿ ಇದೆ, ಅದರಲ್ಲಿ ಈಗ ಬೆಲ್ಲ ಇಡುತ್ತೇನೆ’ ಎಂಬ ಒಂದು ಸಾಲೂ ಸಾಕಾಗುತ್ತದೆ. ಹೋದವರನ್ನು ನಾನು ನೋಡಿಯೇ ಇಲ್ಲದಿದ್ದರೆ, ಅವರ ಮಕ್ಕಳು ಅವರ ಬಗ್ಗೆ ಎಂದೋ ಹೇಳಿದ್ದನ್ನು ನೆನಪಿಸಿಕೊಂಡು ಬರೆಯುತ್ತೇನೆ: ‘ನಿಮ್ಮ ತಂದೆಯವರು ರೇಡಿಯೋದಲ್ಲಿ ಯಕ್ಷಗಾನ ಬಂದಾಗ ಊಟ ನಿಲ್ಲಿಸುತ್ತಿದ್ದರು ಎಂದು ನೀನು ಹೇಳಿದ್ದೆ.’ ಹೆಸರನ್ನು, ಇಲ್ಲವೇ ಮನೆಯವರು ಕರೆಯುತ್ತಿದ್ದ ಸಂಬಂಧದ ಪದವನ್ನು ತಪ್ಪದೆ ಬರೆಯುತ್ತೇನೆ. ಸತ್ತವರ ಹೆಸರನ್ನು ಎಲ್ಲರೂ ಹೇಳಲು ಹಿಂಜರಿಯುತ್ತಾರೆ, ಮನೆಯವರು ಅದನ್ನೇ ಕೇಳಲು ಹಂಬಲಿಸುತ್ತಿರುತ್ತಾರೆ. ಹೀಗೆ ಕಂಡದ್ದನ್ನು ಮಾತ್ರ ಬರೆದರೆ ಯಾವ ಧರ್ಮದ ಮನೆಗೂ ಕಾರ್ಡು ಹೋಗಬಹುದು. ಲಿಂಗಾಯತರ ಮನೆಯಲ್ಲಿ ಶಿವಗಣಾರಾಧನೆ ಮುಗಿದ ಮೇಲೆ, ಮುಸ್ಲಿಂ ಗೆಳತಿಯ ಮನೆಯಲ್ಲಿ ನಲವತ್ತನೆಯ ದಿನದ ಆಸುಪಾಸಿನಲ್ಲಿ ಕಳುಹಿಸಿದ್ದೇನೆ. ಆಯಾ ಮನೆಯ ದಿನಗಳನ್ನು ಯಾರನ್ನಾದರೂ ಕೇಳಿ ತಿಳಿದುಕೊಳ್ಳಬೇಕು. ನನಗೆ ಸೇರದ ಪ್ರಾರ್ಥನೆಯ ಪದಗಳನ್ನು ಎರವಲು ತಂದು ಬರೆಯುವುದಿಲ್ಲ.

ಬರೆಯಲು ನೀಲಿಯ ಶಾಯಿ ಪೆನ್ನು, ಕನ್ನಡ ಅಕ್ಷರ. ಮೊದಲು ರಫ್ ಪುಸ್ತಕದಲ್ಲಿ ಬರೆದು, ಅರ್ಧ ಹೊಡೆದು ಹಾಕಿ, ಉಳಿದದ್ದನ್ನು ಕಾರ್ಡಿಗೆ ಇಳಿಸುತ್ತೇನೆ. ಎಡಗಡೆಯ ಪುಟ ಖಾಲಿ ಬಿಡುತ್ತೇನೆ. ಕೊನೆಯಲ್ಲಿ ‘ಉತ್ತರ ಬರೆಯಬೇಕೆಂದಿಲ್ಲ’ ಎಂದು ಸೇರಿಸುತ್ತೇನೆ, ಇಲ್ಲವಾದರೆ ಪಾಪ, ಅವರ ತಲೆಯ ಮೇಲೆ ಇನ್ನೊಂದು ಋಣ.

ಲಕೋಟೆಯನ್ನು ಕಂದು ಕಾಗದದಲ್ಲಿ ಮನೆಯಲ್ಲೇ ಮಡಿಸುತ್ತೇನೆ. 300 ಜಿಎಸ್‌ಎಂನ ಅರ್ಧ ಎ4 ಹಾಳೆ ಒಂಬತ್ತು ಗ್ರಾಮಿನ ಮೇಲೆ ಸ್ವಲ್ಪ ತೂಗುತ್ತದೆ, ಲಕೋಟೆ ಸೇರಿದರೂ 20 ಗ್ರಾಮಿನೊಳಗೆ ಇರುತ್ತದೆ. ಹಾಗಾಗಿ ದೇಶದ ಯಾವ ಮೂಲೆಗಾದರೂ 5 ರೂಪಾಯಿಯ ಅಂಚೆಚೀಟಿ ಸಾಕು. ಗುಂಡಿ, ದಾರ, ಮಣಿ ಅಂಟಿಸಿದರೆ ತೂಕವೂ ಏರುತ್ತದೆ, ಅಂಚೆಯ ಮುದ್ರೆ ಬೀಳುವಾಗ ಲಕೋಟೆಯೂ ಹರಿಯುತ್ತದೆ. ಸ್ಪೀಡ್ ಪೋಸ್ಟಿನಲ್ಲಿ ಹಾಕಿದರೆ ಬೇಗ ಸಿಗುತ್ತದೆ ಎಂದು ಹೇಳುವವರಿದ್ದಾರೆ. ಬೇಗ ಸಿಗುವುದು ಇಲ್ಲಿ ಬೇಕಾಗಿಯೇ ಇಲ್ಲ. ಮೇಲಾಗಿ ಅದಕ್ಕೆ ಬಾಗಿಲಿಗೆ ಬಂದು ಸಹಿ ಹಾಕಿಕೊಡಬೇಕು. ಆ ವಾರ ಅವರು ಯಾರಿಗೂ ಮುಖ ತೋರಿಸುವ ಸ್ಥಿತಿಯಲ್ಲಿ ಇರದಿರಬಹುದು. ಸಾಮಾನ್ಯ ಅಂಚೆ ಬಾಗಿಲ ಸಂದಿಯಿಂದ ಒಳಗೆ ಜಾರುತ್ತದೆ, ಅವರಿಗೆ ಆದಾಗ ಎತ್ತಿಕೊಳ್ಳುತ್ತಾರೆ. ಪಿನ್‌ಕೋಡಿನ ಆರೂ ಅಂಕಿಗಳನ್ನು ಬಿಡಿಸಿ ಬರೆಯಿರಿ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಾದರೆ ಬ್ಲಾಕು, ಮನೆ ಸಂಖ್ಯೆ ಎರಡೂ ಇರಲಿ, ಇಲ್ಲವಾದರೆ ಕಾವಲುಗಾರರ ಮೇಜಿನ ಮೇಲೇ ಉಳಿದುಬಿಡುತ್ತದೆ. ವಿಳಾಸವನ್ನು ಮನೆಯವರನ್ನೇ ಕೇಳಬಾರದು, ಹತ್ತಿರದ ಗೆಳೆಯರನ್ನು ಕೇಳಿ ತರಿಸಿಕೊಳ್ಳಬೇಕು.

ಒಂದು ಡೈರಿಯಲ್ಲಿ ತಿಥಿಯನ್ನೂ ತಾರೀಕನ್ನೂ ಗುರುತು ಹಾಕಿಟ್ಟಿದ್ದೇನೆ. ಸಾವಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಇನ್ನೊಮ್ಮೆ ಬರೆಯುತ್ತೇನೆ. ಆಗ ಮಡಿಸಿದ ಕಾರ್ಡು ಬೇಡ, 50 ಪೈಸೆಯ ಅಂಚೆ ಕಾರ್ಡು ಸಾಕು. ಅದು ತೆಳುವಾದ್ದರಿಂದ ನೀರು ತಡೆಯುವುದಿಲ್ಲ, ಮೂಲೆಯಲ್ಲಿ ಅದೇ ಎಲೆಯನ್ನು ಮಂದ ಬಣ್ಣದಲ್ಲಿ ಒಮ್ಮೆ ಒತ್ತಿ, ಹೋದವರ ಬಗ್ಗೆ ಇನ್ನೊಂದು ನೆನಪನ್ನು ಎರಡು ಸಾಲಿನಲ್ಲಿ ಬರೆಯುತ್ತೇನೆ. ಈ ಶ್ರಾವಣದಲ್ಲಿ ಹಾಗೆ ಹೋಗಬೇಕಾದವು ಕೆಲವು ಇವೆ. ಗರಿಕೆಯ ಅಚ್ಚು ಒತ್ತಿ ಒತ್ತಿ ಸವೆದಿದೆ, ತುದಿಯ ಎಳೆಗಳು ಮೂಡುತ್ತಿಲ್ಲ. ನಾಳೆ ಪೇಟೆಗೆ ಹೋಗುವ ಹುಡುಗನ ಕೈಯಲ್ಲಿ ಎರಡು ರಬ್ಬರು ತರಿಸಿ, ಮಳೆ ಜೋರಾಗುವ ಮೊದಲು ಹೊಸದನ್ನು ಕೊರೆದಿಟ್ಟುಕೊಳ್ಳಬೇಕು.